ಮಾಳಿಗೆ ಮನೆಯ ಕೂಸು

ನಮ್ಮ ಮನೆ ಕೊಪ್ಪಳದಲ್ಲಿದೆ. ಕೆಳಗೆ ನಾನು, ನನ್ನ ಹೆಂಡತಿ ಇಬ್ಬರೇ. ಮಾಳಿಗೆಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತೇವೆ. ಬಾಡಿಗೆ ಹಣಕ್ಕಿಂತ, ಮೇಲೆ ಯಾರಾದರೂ ಓಡಾಡುವ ಸಪ್ಪಳ ಕೇಳಲಿ ಎಂಬ ಆಸೆಯೇ ಹೆಚ್ಚು. ಮಗಳು ಅಮೆರಿಕದಲ್ಲಿದ್ದಾಳೆ. ಸಪ್ಪಳವಿಲ್ಲದ ಮನೆ ಮುದುಕರಿಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೂರು ವರ್ಷದ ಹಿಂದೆ ಒಂದು ಸಂಜೆ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು. ಬೀದರ್ ಕಡೆಯವರು. ಹುಡುಗನಿಗೆ ಇಪ್ಪತ್ತೆಂಟೋ ಮೂವತ್ತೋ ಇರಬೇಕು.

“ಏನ್ ಕೆಲಸ ತಮ್ಮಾ?” ಎಂದು ಕೇಳಿದೆ.

“ಪಾಸ್ಟರ್ ರೀ ಅಜ್ಜಾರ. ಕಾಲೇಜ್ ಹುಡುಗರ ನಡುವ ನಮ್ಮ ಕೆಲಸ.”

ಚರ್ಚಿನ ಪಾಸ್ಟರ್ ಗೊತ್ತು, ಕಾಲೇಜು ಹುಡುಗರ ಪಾಸ್ಟರ್ ಎಂದರೆ ಏನು? ನನಗೆ ತಿಳಿಯಲಿಲ್ಲ. ಇದು ಹೊಸದಲ್ಲ, ನಮ್ಮ ದೇಶದಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಂಘಗಳು ಹಳೆಯವೇ ಎಂದು ಅವನೇ ವಿವರಿಸಿದ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬುದು 1912ರಲ್ಲಿ ಶುರುವಾದದ್ದಂತೆ, ಯೂನಿಯನ್ ಆಫ್ ಇವಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿ. ಊರು ಬಿಟ್ಟು ಓದಲು ಬಂದ ಮಕ್ಕಳಿಗೆ ಜೊತೆಯಾಗಿ ಇರುವುದು, ತಮ್ಮ ಧರ್ಮದವರನ್ನು ಭಾನುವಾರ ಸೇರಿಸಿ ಬೈಬಲ್ ಓದಿಸುವುದು, ಪ್ರಾರ್ಥನೆ ಮಾಡುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕು ಅವನಿಗೆ ಒಪ್ಪಿಸಿದ್ದರು.

“ಎರಡು ದಿನ ಬಿಟ್ಟು ಹೇಳ್ತೀನಿ” ಎಂದು ಕಳಿಸಿದೆ. ನಿಜ ಹೇಳಬೇಕೆಂದರೆ ಇಲ್ಲ ಎನ್ನುವುದೆಂದು ಆಗಲೇ ತೀರ್ಮಾನಿಸಿದ್ದೆ. ಓಣಿಯವರು ಏನೆಂದಾರು? ಹುಡುಗರನ್ನು ಮತಾಂತರ ಮಾಡುವವನಿಗೆ ಮನೆ ಕೊಟ್ಟ ಎಂದಾರು. ಈ ವಯಸ್ಸಿನಲ್ಲಿ ನನಗೇಕೆ ಬೇಕು?

ರಾತ್ರಿ ರೊಟ್ಟಿ ಬಡಿಸುತ್ತ ಹೆಂಡತಿ ಕೇಳಿದಳು, “ಅಲ್ರೀ, ನೀವು ಹುಟ್ಟಿದ್ದು ಎಲ್ಲಿ?”

ನಾನು ಸುಮ್ಮನಾದೆ. ಮಕ್ಕಳೇ, ಅವಳು ಯಾಕೆ ಹಾಗೆ ಕೇಳಿದಳು ಎಂಬುದನ್ನು ನಿಮಗೆ ಹೇಳಬೇಕು.

ನಾನು ಹುಟ್ಟುವಾಗ ನಮ್ಮ ಕೊಪ್ಪಳ ಜಿಲ್ಲೆ ಆಗಿರಲಿಲ್ಲ. ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಪಕ್ಕದ ಗದಗ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಗುವ ತನಕ ಹೀಗೇ. ನಮ್ಮವ್ವನಿಗೆ ಮೊದಲಿನ ಎರಡು ಕೂಸು ಹುಟ್ಟುತ್ತಲೇ ಹೋಗಿದ್ದವು. ಮೂರನೆಯ ಸಲ ಅಪ್ಪ ಅವಳನ್ನು ರೈಲು ಹತ್ತಿಸಿಕೊಂಡು ಗದಗ-ಬೆಟಗೇರಿಗೆ ಕರೆದುಕೊಂಡು ಹೋದ. ಅಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ ಇತ್ತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಬಂದವರಲ್ಲಿ ಜರ್ಮನರೇ ಬಹಳ ಮಂದಿ ಇದ್ದದ್ದರಿಂದ ನಮ್ಮ ಜನ ಅದನ್ನು ಇಂದಿಗೂ ‘ಜರ್ಮನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ನಾನು ಹುಟ್ಟಿದ್ದು ಅಲ್ಲಿ. ನನ್ನನ್ನು ಮೊದಲು ಕೈಯಲ್ಲಿ ಹಿಡಿದವಳು ಬಿಳಿ ಸೀರೆಯ ಒಬ್ಬ ಕ್ರಿಶ್ಚಿಯನ್ ನರ್ಸಮ್ಮ ಎಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು. ಆ ನರ್ಸಮ್ಮ ಅವ್ವನ ಜಾತಿ ಕೇಳಲಿಲ್ಲ. ನಾನು ಮಾತ್ರ ಎರಡು ಕೋಣೆ ಕೊಡಲು ಎರಡು ದಿನ ಕೇಳಿದ್ದೆ.

ಮರುದಿನವೇ ಫೋನ್ ಮಾಡಿ ಬರಹೇಳಿದೆ.

ಅವರ ಸಾಮಾನು ಒಂದು ಸಣ್ಣ ಟೆಂಪೋ ತುಂಬಲಿಲ್ಲ. ಅರ್ಧ ಪುಸ್ತಕಗಳೇ. ಬೈಬಲ್ಲಿನ ಪಕ್ಕ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇತ್ತು. ಫರ್ಡಿನಾಂಡ್ ಕಿಟ್ಟೆಲ್ ಅದೇ ಬಾಸೆಲ್ ಮಿಷನ್ನಿನವರು. 1853ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತು, 1894ರಲ್ಲಿ ಅಷ್ಟು ದೊಡ್ಡ ನಿಘಂಟು ಹೊರತಂದವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಮೋಗ್ಲಿಂಗ್ ಕೂಡ ಅದೇ ಮಿಷನ್ನಿನವರು. ಈ ವಾರಪತ್ರಿಕೆ ಓದುವ ನಾವೆಲ್ಲ ಅವರನ್ನು ಒಮ್ಮೆ ನೆನೆಯಬೇಕು.

ಕಾಲೇಜು ಹುಡುಗರ ಪಾಸ್ಟರನ ದಿನಚರಿ ಹೇಗಿರುತ್ತದೆ ಎಂದು ನಾನು ಮೆಟ್ಟಿಲ ಬುಡದಲ್ಲಿ ಪೇಪರ್ ಓದುತ್ತಲೇ ಕಲಿತೆ. ಬೆಳಿಗ್ಗೆ ಐದಕ್ಕೆ ಮೇಲೆ ದೀಪ ಹತ್ತುತ್ತಿತ್ತು. ಗಂಡ ಹೆಂಡತಿ ಮೆಲ್ಲಗೆ ಹಾಡುತ್ತಿದ್ದರು. ಎಂಟಕ್ಕೆ ಹಳೆಯ ಬೈಕು ಕಿಕ್ ಹೊಡೆಯುತ್ತಿತ್ತು. ಒಂದು ದಿನ ಗಂಗಾವತಿ, ಒಂದು ದಿನ ಕುಷ್ಟಗಿ, ಒಂದು ದಿನ ಯಲಬುರ್ಗಾ. ಒಂದೊಂದೂ ದೂರದ ಹಾದಿ. ಗಂಗಾವತಿ ದಾರಿಯಲ್ಲಿ ಕಾಲುವೆ ನೀರಿನ ಭತ್ತದ ಹಸಿರು. ಕುಷ್ಟಗಿ, ಯಲಬುರ್ಗಾ ಕಡೆ ಜೋಳ, ಸಜ್ಜೆಯ ಬಯಲು, ಬೇಸಿಗೆ ಬಂದರೆ ಬರೀ ಬಿಸಿಲು. ಸಂಜೆ ಬರುವಾಗ ಅವನ ಹುಬ್ಬಿನ ಮೇಲೆ ಕೆಂಪು ದೂಳು ಕೂತಿರುತ್ತಿತ್ತು.

ಅಲ್ಲಿ ಏನು ಮಾಡುತ್ತಾನೆ? ಒಬ್ಬನಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುವುದು. ಇನ್ನೊಬ್ಬಳಿಗೆ ಪರೀಕ್ಷೆ ಫೀ ಕಟ್ಟಲು ಯಾರನ್ನೋ ಕೇಳಿ ಹಣ ಹೊಂದಿಸುವುದು. ಜ್ವರ ಬಂದು ಮಲಗಿದವನಿಗೆ ಗಂಜಿ ಒಯ್ಯುವುದು. ಹೆಚ್ಚಿನ ಹೊತ್ತು ಹುಡುಗರ ಮಾತು ಕೇಳುವುದೇ ಕೆಲಸ. “ಬಹಳ ಮಂದಿಗೆ ಮನ್ಯಾಗ ಹೇಳಾಕ ಆಗದ್ದು ಹೇಳಾಕ ಒಬ್ಬರು ಬೇಕಾಗಿರ್ತಾರ ಅಜ್ಜಾರ” ಎನ್ನುತ್ತಿದ್ದ. ಪೆಟ್ರೋಲ್ ಖರ್ಚಿಗೆ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದ. ತಿಂಗಳ ಕೊನೆಗೆ ಅದರ ಕೂಡಿಸುವ ಲೆಕ್ಕ ತಪ್ಪುತ್ತಿತ್ತು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕ್ಲರ್ಕ್ ಆಗಿದ್ದವನ ಕಣ್ಣಿಗೆ ತಪ್ಪು ಲೆಕ್ಕ ಬಿದ್ದರೆ ಬಿಡುತ್ತದೆಯೇ? ನಾನೇ ತಿದ್ದಿ ಕೊಡತೊಡಗಿದೆ.

ಅವರ ಪ್ರಾರ್ಥನೆಗೆ ನಾನು ಹೋಗಲಿಲ್ಲ. ನಮ್ಮ ಪೂಜೆಗೆ ಅವರು ಕೂರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅದರ ಬಗ್ಗೆ ಮಾತೇ ಬೇಕಾಗಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಹುಡುಗಿ ಬಸುರಿ ಎಂದು ತಿಳಿಯಿತು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಆದರೆ ಈ ಹುಡುಗಿಗೆ ತಾಯಿ ಇರಲಿಲ್ಲ. ವಯಸ್ಸಾದ ತಂದೆ ಅಣ್ಣನ ಮನೆಯಲ್ಲಿದ್ದ. “ಯಾರ ಹತ್ರ ಹೋಗ್ಲಿ ಅಮ್ಮಾರ, ಇಲ್ಲೇ ಇರ್ತೀನಿ” ಎಂದಳು. ಅಂದು ನನ್ನ ಹೆಂಡತಿ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಕಾರಣ ನನಗೆ ಗೊತ್ತಿತ್ತು. 2020ರ ಮಾರ್ಚಿನಲ್ಲಿ ನಮ್ಮ ಮಗಳಿಗೆ ತಿಂಗಳು ತುಂಬಿತ್ತು. ಅಂಟಿನುಂಡಿ ಕಟ್ಟಿ, ಕುಂಚಿಗೆ ಹೊಲಿದು, ಇವಳು ಬ್ಯಾಗು ತುಂಬಿ ಕೂತಿದ್ದಳು. ಕೊರೊನಾ ಬಂತು, ವಿಮಾನಗಳು ನಿಂತವು. ಆ ಬ್ಯಾಗನ್ನು ಅವಳು ನಾಲ್ಕು ತಿಂಗಳು ಬಿಚ್ಚಲಿಲ್ಲ. ಅಲ್ಲಿ ಮಗಳ ಬಾಣಂತನ ಮಾಡಿದ್ದು ಪಕ್ಕದ ಮನೆಯ ಕೇರಳದ ಒಬ್ಬ ನರ್ಸಮ್ಮ. ಡ್ಯೂಟಿ ಮುಗಿಸಿ ಬಂದು ಅನ್ನ, ಬೆಳ್ಳುಳ್ಳಿ ಸಾರು ಮಾಡಿ ಬಾಗಿಲಲ್ಲಿಟ್ಟು ಹೋಗುತ್ತಿದ್ದಳಂತೆ. ಆಕೆಯ ಮುಖವನ್ನು ನಾವು ಇನ್ನೂ ನೋಡಿಲ್ಲ.

ಮರುದಿನ ನನ್ನ ಹೆಂಡತಿ ಮೆಟ್ಟಿಲು ಹತ್ತಿ ಹೋಗಿ, “ಇನ್ನ ಮ್ಯಾಲೆ ಭಾರದ ಕೊಡ ಎತ್ತಬ್ಯಾಡ. ನೀರು ಅಜ್ಜ ತರ್ತಾರ” ಎಂದು ಹೇಳಿ ಬಂದಳು. ಅಜ್ಜನನ್ನು ಒಂದು ಮಾತು ಕೇಳಲಿಲ್ಲ!

ಆಮೇಲೆ ಮನೆಯಲ್ಲಿ ಎರಡು ಪಕ್ಷ ಆದವು. ಒಂದು ಕಡೆ ನನ್ನ ಹೆಂಡತಿಯ ಹಳೆಯ ಶಾಸ್ತ್ರ, ಇನ್ನೊಂದು ಕಡೆ ಆಶಾ ಕಾರ್ಯಕರ್ತೆಯ ತಾಯಿ ಕಾರ್ಡ್. ಬಸುರಿ ಹೆಚ್ಚು ತಿಂದರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ ಎಂದು ಇವಳು. ಚೆನ್ನಾಗಿ ತಿನ್ನಬೇಕು, ಕಬ್ಬಿಣದ ಗುಳಿಗೆ ದಿನವೂ ನುಂಗಬೇಕು, ನೂರೆಂಬತ್ತು ದಿನ ತಪ್ಪಿಸಬಾರದು ಎಂದು ಆಕೆ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆ ನಮ್ಮ ರಾಜ್ಯದಲ್ಲಿ 2017ರಿಂದ ಇದೆ. ಕೊನೆಗೆ ಇವಳು ಶರಣಾದಳು, ಆದರೆ ಪೂರ್ತಿ ಅಲ್ಲ. ಗುಳಿಗೆಯ ಜೊತೆ ನುಗ್ಗೆಸೊಪ್ಪಿನ ಪಲ್ಯವೂ ಮೇಲಕ್ಕೆ ಹೋಗತೊಡಗಿತು.

ಏಳನೆಯ ತಿಂಗಳು ಬಂತು. ಕುಬಸ ಮಾಡಬೇಕು ಎಂದು ಇವಳು ಹಟ ಹಿಡಿದಳು. ಗೊತ್ತಿಲ್ಲದ ಮಕ್ಕಳಿಗೆ ಹೇಳುತ್ತೇನೆ: ನಮ್ಮ ಉತ್ತರ ಕರ್ನಾಟಕದಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಅವಳು ಬಯಸಿದ್ದನ್ನೆಲ್ಲ ಉಣಿಸುವ ಕಾರ್ಯಕ್ಕೆ ಕುಬಸ ಎನ್ನುತ್ತೇವೆ. ಹುಡುಗಿ ಸಂಕೋಚದಿಂದ ಕೆಳಗೆ ಬಂದಳು.

“ಅಮ್ಮಾರ, ತಪ್ಪು ತಿಳೀಬ್ಯಾಡ್ರಿ. ಕುಂಕುಮ, ಆರತಿ ನಮ್ಮಲ್ಲಿ ಇಲ್ಲ. ಬಳಿ ಇಡಸ್ರಿ, ಹೂ ಮುಡಸ್ರಿ, ನನಗ ಖುಷಿ.”

ಇವಳ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಕುಂಕುಮವಿಲ್ಲದ ಕುಬಸವನ್ನು ಇವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ರಾತ್ರಿ ಹೊರಳಾಡಿದಳು. ಬೆಳಿಗ್ಗೆ ಎದ್ದು, “ಹೊಟ್ಟಿ ತುಂಬಾ ಉಣ್ಣಿಸೂದು ಮುಖ್ಯ. ಬಳಿಗಾರಗ ಹೇಳ್ರಿ” ಎಂದಳು.

ಓಣಿಯ ಹೆಂಗಸರು ಬಂದರು. ಇಬ್ಬರು ಬರಲಿಲ್ಲ. ಯಾಕೆಂದು ನಾವು ಕೇಳಲಿಲ್ಲ. ಹೋಳಿಗೆ, ಕರ್ಚಿಕಾಯಿ, ಚಿತ್ರಾನ್ನ, ಬುತ್ತಿ ಆಯಿತು. ಮುದುಕಿಯರು ಕುಬಸದ ಹಾಡು ಹೇಳಿದರು. ಹುಡುಗಿ ತನ್ನ ಚರ್ಚಿನ ಹಾಡು ಒಂದು ಹೇಳಿದಳು. ಪಾಸ್ಟರ್ ಬಾಗಿಲ ಹೊರಗೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಜನವರಿಯಲ್ಲಿ ಗವಿಮಠದ ಜಾತ್ರೆ. ಲಕ್ಷ ಲಕ್ಷ ಜನ ಸೇರುವ ಜಾತ್ರೆ ಅದು. ಜಾತ್ರೆಯ ಮಿರ್ಚಿ ತಿನ್ನಬೇಕೆಂದು ಹುಡುಗಿಗೆ ಬಯಕೆ. ಆ ಗದ್ದಲದಲ್ಲಿ ಬಸುರಿ ಹೋಗುವಂತಿಲ್ಲ. ನಾನೇ ಹೋಗಿ ಬೀದಿಯಂಗಡಿಯಿಂದ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡಿಮೆ ಆಗಿದ್ದವು. ಯಾರು ತಿಂದರು ಎಂದು ನಾನು ಹೇಳುವುದಿಲ್ಲ.

ಫೆಬ್ರುವರಿ ಕೊನೆಯ ವಾರ. ಹೆರಿಗೆಗೆ ಇನ್ನೂ ಹನ್ನೆರಡು ದಿನ ಇದೆ ಎಂದು ಡಾಕ್ಟರು ಹೇಳಿದ್ದರು. ಅಂದು ಮಧ್ಯಾಹ್ನ ಪಾಸ್ಟರಿಗೆ ಕುಷ್ಟಗಿಯಿಂದ ಫೋನ್ ಬಂತು. ಬಿಕಾಂ ಓದುವ ಹುಡುಗನೊಬ್ಬ ಮೂರು ವಿಷಯದಲ್ಲಿ ಫೇಲಾಗಿದ್ದ. ಫೋನ್ ರೂಮಿನಲ್ಲೇ ಬಿಟ್ಟು ಎಲ್ಲಿಗೋ ಹೋಗಿದ್ದಾನೆ, ಬೆಳಿಗ್ಗೆಯಿಂದ ಕಾಣುತ್ತಿಲ್ಲ ಎಂದು ಗೆಳೆಯರು ಗಾಬರಿಯಾಗಿದ್ದರು. ಪಾಸ್ಟರ್ ಹೆಂಡತಿಯ ಮುಖ ನೋಡಿದ. “ಹೋಗಿ ಬರ್ರಿ, ನಾ ಆರಾಮ ಅದೀನಿ” ಎಂದಳು ಅವಳು. ಬೈಕು ಹೊರಟಿತು.

ರಾತ್ರಿ ಹತ್ತೂವರೆಗೆ ಮೇಲಿಂದ “ಅಮ್ಮಾ” ಎಂಬ ಕೂಗು. ನೋವು ಶುರುವಾಗಿತ್ತು. ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನನ್ನ ಕೈ ನಡುಗುತ್ತಿತ್ತು. 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಇವಳು ಕೌದಿ, ಹಳೆಯ ಮೆತ್ತನೆ ಸೀರೆ, ತಾಯಿ ಕಾರ್ಡ್ ಎಲ್ಲ ಒಂದು ಚೀಲಕ್ಕೆ ಹಾಕಿದ್ದಳು. ಇಳಕಲ್ ಸೀರೆಗಳ ತುಂಡಿನಿಂದ ಅವಳೇ ಹೊಲಿದ ಕೌದಿ ಅದು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಪಾಸ್ಟರನನ್ನು ಬೈದೆ. ಮಂದಿ ಮಕ್ಕಳ ಹಿಂದೆ ಓಡುವವನಿಗೆ ತನ್ನ ಕೂಸಿನ ಚಿಂತೆ ಬೇಡವೇ?

ಆಸ್ಪತ್ರೆಯಲ್ಲಿ ನರ್ಸ್ ಒಂದು ಫಾರಂ ಕೊಟ್ಟಳು. ಹೆಸರು, ವಯಸ್ಸು, ವಿಳಾಸ ತುಂಬಿದೆ. ಕೆಳಗೆ ‘ಜೊತೆಗೆ ಬಂದವರು’, ಅದರ ಪಕ್ಕ ‘ಸಂಬಂಧ’. ಪೆನ್ನು ನಿಂತಿತು.

ಜೀವಮಾನವಿಡೀ ಇಂಥ ಫಾರಂ ತುಂಬಿಸಿದವನು ನಾನು. ‘ಸಂಬಂಧ’ ಖಾಲಿ ಬಿಟ್ಟರೆ ಎಷ್ಟು ಜನರನ್ನು ವಾಪಸ್ ಕಳಿಸಿಲ್ಲ! ತಂದೆ ಎಂದು ಬರೆದರೆ ಸುಳ್ಳು. ಮನೆ ಮಾಲೀಕ ಎಂದು ಬರೆದರೆ ನಿಜ, ಆದರೆ ಆ ಹೊತ್ತಿನಲ್ಲಿ ಅದು ಸುಳ್ಳಿಗಿಂತ ಕೆಟ್ಟದಾಗಿ ಕಂಡಿತು.

“ಏನ್ ಬರೀಲಿ ಯವ್ವಾ?” ಎಂದು ಹುಡುಗಿಯನ್ನೇ ಕೇಳಿದೆ.

ನೋವಿನ ನಡುವೆ ಅವಳು, “ಮನಿಯವರು ಅಂತ ಬರೀರಿ ಅಜ್ಜಾರ” ಎಂದಳು.

ನರ್ಸ್ ನಕ್ಕುಬಿಟ್ಟಳು. “ಮನಿಯವರು ಅಂದ್ರ ಗಂಡ ಆಗ್ತದವ್ವಾ! ಈ ಅಜ್ಜ ನಿನ್ನ ಗಂಡೇನು?”

ನೋವಿನಲ್ಲೂ ಹುಡುಗಿ ನಕ್ಕಳು. ನನ್ನ ಹೆಂಡತಿಯೂ ನಕ್ಕಳು. ನಾನು ದಪ್ಪ ಅಕ್ಷರದಲ್ಲಿ ಬರೆದೆ: ‘ಮನೆಯ ಹಿರಿಯರು’. ಸಹಿ ಹಾಕಿದೆ.

ರಾತ್ರಿ ಮೂರೂವರೆ ಸುಮಾರಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಇಬ್ಬರೂ ಆರಾಮ. ಇವಳು ಚೀಲದಿಂದ ಜೇನುತುಪ್ಪದ ಬಾಟಲಿ ತೆಗೆದಳು. ನರ್ಸ್ ಅದನ್ನು ಅಲ್ಲಿಯೇ ತಡೆದಳು. “ಅಮ್ಮಾ, ಜೇನು ಬ್ಯಾಡ, ಸಕ್ಕರಿ ನೀರು ಬ್ಯಾಡ. ಮೊದಲ ತಾಸಿನ್ಯಾಗ ತಾಯಿ ಹಾಲು ಕುಡಿಸಬೇಕು. ಆ ಹಳದಿ ಹಾಲೇ ಕೂಸಿಗೆ ಮೊದಲ ಔಷಧ. ಆರು ತಿಂಗಳು ಬರೀ ತಾಯಿ ಹಾಲು.” ನಮ್ಮ ಕಾಲದಲ್ಲಿ ಆ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಇವಳು ಸುಮ್ಮನೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಎಪ್ಪತ್ತರ ಹತ್ತಿರ ಬಂದರೂ ಕಲಿಯುವುದು ಮುಗಿಯುವುದಿಲ್ಲ.

ಐದು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ಪಾಸ್ಟರ್ ಕಾಣಿಸಿದ. ದೂಳು ತುಂಬಿದ ತಲೆ, ಕೆಂಪು ಕಣ್ಣು. ಬೈಯಬೇಕೆಂದು ರಾತ್ರಿಯಿಡೀ ಹೊಂದಿಸಿಟ್ಟ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆಗ ಅವನ ಹಿಂದೆ ನಿಂತ ಹುಡುಗನನ್ನು ನೋಡಿದೆ. ಹತ್ತೊಂಬತ್ತು ವರ್ಷ ಇರಬೇಕು. ಪಾಸ್ಟರನ ಸ್ವೆಟರ್ ಹಾಕಿಕೊಂಡಿದ್ದ. ತಲೆ ಎತ್ತಲಿಲ್ಲ.

ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯ ಪಕ್ಕದ ಒಂದು ಸೇತುವೆಯ ಮೇಲೆ ಅವನು ಒಬ್ಬನೇ ಕೂತಿದ್ದನಂತೆ. ಪಾಸ್ಟರನ ಫೋನ್ ಚಾರ್ಜು ತೀರಿ ಸತ್ತಿತ್ತು. ಅವನ ಜೊತೆ ಎರಡು ತಾಸು ಸುಮ್ಮನೆ ಕೂತಿದ್ದು, ಆಮೇಲೆ ಒಂದು ಢಾಬಾದಲ್ಲಿ ಊಟ ಮಾಡಿಸಿ, ಅಲ್ಲಿ ಫೋನ್ ಚಾರ್ಜಿಗೆ ಹಾಕಿದಾಗ ನಮ್ಮ ಹದಿನಾಲ್ಕು ಕರೆ ಕಂಡಿದ್ದವು. “ಇವನ್ನ ಒಬ್ಬನ್ನ ಬಿಟ್ಟು ಬರಾಕ ಮನಸಾಗಲಿಲ್ಲ ಅಜ್ಜಾರ. ಕರಕೊಂಡ ಬಂದೆ” ಎಂದ. ಹುಡುಗ ಅವರ ಚರ್ಚಿನವನಲ್ಲ. ಕುಷ್ಟಗಿ ತಾಲ್ಲೂಕಿನ ಒಬ್ಬ ಕುರಿಗಾರನ ಮಗ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವನು.

ಎರಡು ದಿನ ಕೇಳಿದ್ದೆನಲ್ಲ ಅಂದು, ಆ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು. ನನ್ನ ಬೈಗುಳವನ್ನು ನುಂಗಿ ಮೂರು ಚಹಾ ತರಿಸಿದೆ.

ಆ ಹುಡುಗ ನಮ್ಮ ಪಡಸಾಲೆಯಲ್ಲಿ ನಾಲ್ಕು ದಿನ ಇದ್ದ. ಅವನ ತಂದೆಗೆ ಸುದ್ದಿ ಮುಟ್ಟಿಸಿದ್ದೆವು. ತಂದೆ ಬಂದವನೇ ಮಗನ ತಲೆ ನೇವರಿಸಿ, “ಫೇಲಾದ್ರ ಆತು, ನೀ ಇದ್ದೆಲ್ಲಪ್ಪಾ” ಎಂದು ಅಷ್ಟೇ ಹೇಳಿದ. ಆ ಮಾತನ್ನು ಹುಡುಗ ತಂದೆಯಿಂದ ನಿರೀಕ್ಷಿಸಿರಲಿಲ್ಲ. ದೊಡ್ಡ ದನಿಯಲ್ಲಿ ಅತ್ತ. ಮಕ್ಕಳೇ, ಪರೀಕ್ಷೆಯ ಸುದ್ದಿ ಹೇಳಲು ಹೆದರಿಕೆಯಾದರೆ ಅಪ್ಪನಿಗೋ ಅವ್ವನಿಗೋ ಅಜ್ಜ ಅಜ್ಜಿಗೋ ಮೇಷ್ಟರಿಗೋ, ಯಾರಾದರೂ ಒಬ್ಬರಿಗೆ ಹೇಳಿ. ನೀವು ಹೆದರಿದಷ್ಟು ಅವರು ಸಿಟ್ಟಾಗುವುದಿಲ್ಲ.

ಫೇಲಾದ ಮೂರರಲ್ಲಿ ಒಂದು ಕಾಸ್ಟ್ ಅಕೌಂಟಿಂಗ್. ನನ್ನ ಬಿಕಾಂ ಸರ್ಟಿಫಿಕೇಟ್ ಐವತ್ತು ವರ್ಷದ ಹಿಂದಿನದು, ಆದರೆ ಲೆಕ್ಕ ಲೆಕ್ಕವೇ. ಭಾನುವಾರ ಭಾನುವಾರ ಅವನು ಬಸ್ಸು ಹತ್ತಿ ಬರತೊಡಗಿದ. ಮುಂದಿನ ಪರೀಕ್ಷೆಯಲ್ಲಿ ಎರಡು ಪಾಸಾದ. ಉಳಿದ ಒಂದು ಯಾವುದು ಗೊತ್ತೇ? ನಾನು ಹೇಳಿಕೊಟ್ಟ ಕಾಸ್ಟ್ ಅಕೌಂಟಿಂಗ್! ಅದು ಅದರ ಮುಂದಿನ ಸಲ ಆಯಿತು ಬಿಡಿ.

ಕೂಸಿಗೆ ಹೆಸರಿಡುವ ದಿನ ನಮ್ಮ ಪಡಸಾಲೆಯಲ್ಲೇ ತೊಟ್ಟಿಲು ಕಟ್ಟಿದೆವು. ಕಿನ್ನಾಳದಿಂದ ನಾನು ಬಣ್ಣದ ಮರದ ಗೊಂಬೆ ತಂದಿದ್ದೆ. ನಮ್ಮ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆ ನೀವು ನೋಡಿರಬೇಕು, ಹಗುರ ಮರದಲ್ಲಿ ಚಿತ್ರಗಾರ ಮನೆತನದವರು ಮಾಡುತ್ತಾರೆ. ಪಾಸ್ಟರ್ ಅಂದು ಬೈಬಲ್ಲಿನ ಒಂದು ಕಥೆ ಹೇಳಿದ. ರೂತಳು, ನವೊಮಿ ಎಂಬ ಸೊಸೆ ಅತ್ತೆ. ಇಬ್ಬರೂ ಬೇರೆ ಬೇರೆ ಸೀಮೆಯವರು. ಗಂಡಸರೆಲ್ಲ ತೀರಿಹೋದರೂ ಸೊಸೆ ಮುದಿ ಅತ್ತೆಯನ್ನು ಬಿಟ್ಟು ತವರಿಗೆ ಹೋಗಲಿಲ್ಲ. ಅತ್ತೆಯ ಊರಿಗೇ ಬಂದು, ಸುಗ್ಗಿಯಲ್ಲಿ ತೆನೆ ಆಯ್ದು ಅವಳನ್ನು ಸಾಕಿದಳು. ಮುಂದೆ ಅಲ್ಲಿಯೇ ಅವಳಿಗೆ ಮದುವೆಯಾಗಿ ಗಂಡುಮಗು ಹುಟ್ಟಿತು. ಕೂಸನ್ನು ಮುದುಕಿ ಎದೆಗೆ ಅಪ್ಪಿಕೊಂಡಳು.

“ಆ ಕೂಸಿಗೆ ಹೆಸರಿಟ್ಟವರು ಯಾರು ಗೊತ್ತೇನ್ರಿ ಅಮ್ಮಾರ? ನೆರೆಮನೆ ಹೆಣ್ಮಕ್ಕಳು” ಎಂದು ಹೇಳಿ, ಪಾಸ್ಟರ್ ಮಗುವನ್ನು ನನ್ನ ಹೆಂಡತಿಯ ಮಡಿಲಲ್ಲಿ ಇಟ್ಟ. “ಚರ್ಚಿನ್ಯಾಗಿನ ಹೆಸರು ನಾವು ಇಡ್ತೀವಿ. ಕರಿಯೂ ಹೆಸರು ನೀವು ಇಡ್ರಿ.”

ಇವಳು ಮಗುವಿನ ಕಿವಿಯಲ್ಲಿ ಮೆಲ್ಲಗೆ “ಬಂಗಾರಿ” ಎಂದಳು. ಕುಬಸಕ್ಕೆ ಬಾರದ ಇಬ್ಬರಲ್ಲಿ ಒಬ್ಬಳು ಅಂದು ಕುಂಚಿಗೆ ಹಿಡಿದುಕೊಂಡು ಬಂದಿದ್ದಳು.

ಈಗ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿದೆ. ಮಾಳಿಗೆಯ ಕೋಣೆಗಳಿಗೆ ಹೊಸಬರು ಬಂದಿದ್ದಾರೆ. ಈ ಸಲ ನಾನು ಎರಡು ದಿನ ಕೇಳಲಿಲ್ಲ. ಬಂಗಾರಿ ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಬಂದು ಫೋನಿಗೆ ಮುತ್ತು ಕೊಡುತ್ತಾಳೆ, ಫೋನ್ ಒದ್ದೆಯಾಗುತ್ತದೆಯಂತೆ. ಕೌದಿ ಹೊದೆಯದೆ ಮಲಗುವುದಿಲ್ಲವಂತೆ. ನನ್ನನ್ನು ‘ಮನಿ ಅಜ್ಜ’ ಎಂದು ಕರೆಯಲು ಅವರವ್ವ ಕಲಿಸಿದ್ದಾಳೆ.